ಹೆಂಡತಿಯ ಸೈಕಲ್ಲೂ ಹಾಲೆಂಡಿನ ರಸ್ತೆಯೂ

ಕಾಪಿ ಹೊಡೆಯುವುದರಲ್ಲಿ ನನಗೆ ಯಾವತ್ತೂ ನಾಚಿಕೆಯಿಲ್ಲ. ಪಕ್ಕದವನ ಉತ್ತರದ ಜೊತೆಗೆ ಅವನ ಹೆಸರನ್ನೂ ಬರೆದುಕೊಂಡು ಬಂದವನೊಬ್ಬ ನಮ್ಮ ತರಗತಿಯಲ್ಲಿದ್ದ. ಅಷ್ಟು ದಡ್ಡತನ ಬೇಡ. ಆದರೆ ಚೆನ್ನಾಗಿರುವುದನ್ನು ನೋಡಿ ಬರೆದರೆ ತಪ್ಪೇನು ಎನ್ನುವವನು ನಾನು. ಹಾಗಾಗಿ ನಮ್ಮ ಆಫೀಸಿನ ಜಾವೀದ್ ಟ್ರೈನಿಂಗಿಗೆಂದು ಹಾಲೆಂಡಿಗೆ ಹೋಗಿ, ಅಲ್ಲಿ ಅಜ್ಜಿಯರು, ಬಸುರಿಯರು, ಟೈ ಕಟ್ಟಿದ ಸಾಹೇಬರು ಎಲ್ಲರೂ ಸೈಕಲ್ ತುಳಿಯುವ ಫೋಟೋಗಳನ್ನು ತಂದು ತೋರಿಸಿದಾಗ, ಊಟದ ಡಬ್ಬಿ ಮುಚ್ಚುವುದರೊಳಗೆ ನಾನು ಬೆಂಗಳೂರನ್ನು ಹಾಲೆಂಡ್ ಮಾಡಿ ಮುಗಿಸಿದ್ದೆ. ಜಾವೀದ್ ಮಾತ್ರ ಒಪ್ಪಲಿಲ್ಲ. "ಅಲ್ಲಿ ಸೈಕಲ್‌ಗೇ ಅಂತ ಬೇರೆ ರೋಡ್ ಇದೆ ಸಾರ್. ನಾವು ಸೈಕಲ್ ಕಾಪಿ ಮಾಡ್ತೀವಿ, ರೋಡ್ ಬಿಟ್ಬಿಡ್ತೀವಿ. ಆಮೇಲೆ ಸೀದಾ ಖಬರಸ್ತಾನ್" ಎಂದ. ಇಂಥವರನ್ನು ವಿದೇಶಕ್ಕೆ ಕಳಿಸುವುದೇ ದಂಡ ಎಂದುಕೊಂಡೆ.

ಅದೇ ಭಾಷಣವನ್ನು ಮನೆಯಲ್ಲೂ ಮಾಡಿದ್ದು ತಪ್ಪಾಯಿತು. ನನ್ನ ಹೆಂಡತಿ ಗಿರಿಜಾ ಹಲಸೂರಿನ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್. ನಮ್ಮ ಕಗ್ಗದಾಸಪುರಕ್ಕೆ ಬಸ್ಸು ಮನಸ್ಸು ಬಂದಾಗ ಬರುತ್ತಿತ್ತು. ಇನ್ನೊಂದು ಸಲ ಲೇಟಾದರೆ ಬರುವುದೇ ಬೇಡ ಎಂದು ಹೆಡ್‌ಮಿಸ್ಟ್ರೆಸ್ ಹೇಳಿಬಿಟ್ಟಿದ್ದರು. ಗಿರಿಜಾ ನನ್ನ ಹಾಲೆಂಡನ್ನು ಪೂರ್ತಿ ಕೇಳಿ, "ಹಾಗಾದ್ರೆ ನನಗೊಂದು ಸೈಕಲ್ ಕೊಡಿಸಿ" ಎಂದಳು. ನಾನು ಹೇಳಿದ್ದು ಊರಿಗೆ, ಮನೆಗಲ್ಲ. ಆದರೆ ಬಾಯಿಂದ ಜಾರಿದ ಮಾತನ್ನು ಹಿಡಿಯುವುದು ಹೇಗೆ? ಶಿವಾಜಿನಗರದಿಂದ ಲೇಡೀಸ್ ಸೈಕಲ್ ಬಂತು. ಅವತ್ತಿನಿಂದ ನನಗೆ ಸಂಜೆಯ ಕಾಫಿ ರುಚಿಸಲಿಲ್ಲ. ಬಾಗಿಲಲ್ಲಿ ನಿಂತು ಬೆಲ್ಲಿನ ಸದ್ದಿಗೆ ಕಾಯುವುದೇ ನನ್ನ ಕೆಲಸವಾಯಿತು.

ಒಂದು ಸಂಜೆ ಕತ್ತಲಾದರೂ ಅವಳು ಬರಲಿಲ್ಲ. ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಕಲಬುರಗಿಯ ಶರಣಪ್ಪ ಗಾರೆ ಕೆಲಸ ಮುಗಿಸಿ ಬಂದವನು ಮೆಟ್ಟಿಲ ಮೇಲೇ ನಿಂತ. "ಸರ್ರ, ಗೇಟಿನ ಹತ್ರ ನೀರಿನ ಟ್ಯಾಂಕರ್ ಒಂದು ಸೈಕಲ್ ಮ್ಯಾಲ ಹೋಗ್ಯಾದ್ರಿ. ಮೇಡಂ ಮನಿಗೆ ಬಂದಾರೇನ್ರಿ?"

ರೈಲ್ವೆ ಗೇಟಿನವರೆಗೆ ಬರಿಗಾಲಲ್ಲಿ ಓಡಿದೆ. ಡ್ರೈವರ್ ಪರಾರಿಯಾಗಿದ್ದ, ಜನ ಸೇರಿ ಟ್ಯಾಂಕರಿನ ಗಾಜು ಒಡೆದು ಹಾಕಿದ್ದರು. ಜನರ ಕಾಲುಗಳ ನಡುವೆ ಮುದುರಿದ ಸೈಕಲ್ ಕಂಡಿತು. ಅದಕ್ಕೆ ಅಡ್ಡ ಬಾರ್ ಇತ್ತು. ಜೆಂಟ್ಸ್ ಸೈಕಲ್. ಕ್ಯಾರಿಯರಿಗೆ ಪೇಂಟಿನ ಡಬ್ಬಿ, ಬ್ರಶ್ಶು ಕಟ್ಟಿತ್ತು. ಪಕ್ಕದಲ್ಲಿ ಯಾರೋ ಒಬ್ಬನ ಮೇಲೆ ಪಂಚೆ ಹೊದಿಸಿದ್ದರು. ಆಗ ನನಗಾದ ಸಂತೋಷವನ್ನು ಹೇಳಬಾರದು, ಆದರೆ ಆಯಿತು. ಸತ್ತವನೂ ಯಾರದೋ ಮನೆಯ ಬಾಗಿಲಿಗೆ ಬರಬೇಕಾದವನು ಎಂಬುದು ಹೊಳೆದದ್ದು, ಜನಜಂಗುಳಿಯ ಆಚೆ ಸೈಕಲ್ ಹಿಡಿದು ನಿಂತಿದ್ದ ಗಿರಿಜಾ ಕಂಡ ಮೇಲೆ. ಸೈಕಲ್ ತಳ್ಳಿಕೊಂಡು ಇಬ್ಬರೂ ನಡೆದೇ ಮನೆಗೆ ಬಂದೆವು.

"ನಾಳೆಯಿಂದ ಸೈಕಲ್ ಬೇಡ" ಎಂದೆ.

"ಬಸ್ ಬರಲ್ಲ. ಆಟೋಗೆ ನನ್ನ ಸಂಬಳ ಸಾಲಲ್ಲ. ಕೆಲಸ ಬಿಟ್ಬಿಡ್ಲಾ, ಹೇಳಿ."

ನನ್ನ ಸ್ಕೂಟರಿನ ಹಿಂದೆ ಕೂರು ಎಂದರೆ, ಸಂಜೆ ತಿರುಗಿ ಬರೋಕೆ ಸೈಕಲ್ ಬೇಕು ಎಂದಳು. ಮರುದಿನದಿಂದ ನಾನೇ ರಸ್ತೆಯಾದೆ. ಅವಳ ಬೆನ್ನ ಹಿಂದೆ ಸ್ಕೂಟರನ್ನು ಫಸ್ಟ್ ಗೇರಿನಲ್ಲಿ ನಡೆಸುತ್ತ, ಹಿಂದಿನವರ ಬೈಗುಳವನ್ನೆಲ್ಲ ಅವಳ ಪರವಾಗಿ ತಿನ್ನುತ್ತ ಹಲಸೂರಿನವರೆಗೆ ಹೋಗುವುದು. ತಮಿಳು, ಉರ್ದು, ಕನ್ನಡ ಮೂರರಲ್ಲೂ ನನ್ನ ವಂಶೋದ್ಧಾರವಾಯಿತು. ಇಂದಿರಾನಗರದಲ್ಲಿ ಒಬ್ಬ ಕಾನ್‌ಸ್ಟೆಬಲ್ ತಡೆದು, "ಏನ್ರೀ, ದಿನಾ ಲೇಡೀಸ್ ಹಿಂದೆ ಹೋಗ್ತೀರಾ?" ಎಂದ.

"ನನ್ನ ಹೆಂಡ್ತಿ ಸಾರ್."

"ಎಲ್ರೂ ಹಂಗೇ ಹೇಳೋದು. ಮೇಡಂ, ಇವ್ರು ಗೊತ್ತಾ ನಿಮ್ಗೆ?"

ಗಿರಿಜಾ ಕಾಲೂರಿ ನಿಂತು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಗತ್ಯಕ್ಕಿಂತ ಕೊಂಚ ಹೆಚ್ಚೇ ಯೋಚಿಸಿ, "ಗೊತ್ತು" ಎಂದಳು.

ಶಾಲೆಯ ಬಾಗಿಲಲ್ಲಿ ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. "ನನ್ನ ಹಿಂದೆ ನೀವು ಬರ್ತೀರ, ಸರಿ. ನಿಮ್ಮ ಹಿಂದೆ ಯಾರ್ರೀ ಬರ್ತಾರೆ?" ಎಂದು ಕೇಳಿ ಒಳಗೆ ಹೋದಳು.

ಆಫೀಸಿನತ್ತ ತಿರುಗಿದ್ದೇ ತಡ, ಬೆನ್ನಿಗೇ ಅಂಟಿಕೊಂಡಂತೆ ಯಾವುದೋ ದೊಡ್ಡ ಗಾಡಿಯ ಹಾರ್ನು ಕೇಳಿಸಿತು. ಏನೆಂದು ನೋಡೋಣವೆಂದರೆ, ನನ್ನ ಸ್ಕೂಟರಿಗೆ ಕನ್ನಡಿಯನ್ನೇ ಹಾಕಿಸಿರಲಿಲ್ಲ.