ಡಿಜೆ ಷಡ್ಡಿಯ ಬೇಸು

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮುದ್ದಮ್ಮನ ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟವೊಂದು ತಾನಾಗಿಯೇ ಅಂಚಿನವರೆಗೆ ನಡೆದು ಬಂದು, ಒಂದು ಕ್ಷಣ ನಿಂತು ಯೋಚಿಸಿ, ಕೆಳಗೆ ಕುದಿಯುತ್ತಿದ್ದ ಹುರುಳಿಕಾಳಿನ ಸಾರಿಗೆ ಹಾರಿಕೊಂಡಿತು. ಸಾರು ಮುದ್ದಮ್ಮನ ಸೆರಗಿಗೆಲ್ಲ ಎರಚಿತು. ಆಕೆ ಸೌಟನ್ನು ಕೆಳಗಿಡದೆ ನೇರವಾಗಿ ಪಕ್ಕದ ಮನೆಗೆ ನಡೆದಳು.

ಪಕ್ಕದ ಮನೆ ಷಡಕ್ಷರಪ್ಪನದು. ಅರಸೀಕೆರೆಯ ಹಳೇ ಕೊಬ್ಬರಿ ಮಂಡಿಯ ಹಿಂದಿನ ಆ ಗಲ್ಲಿಯಲ್ಲಿ ಆರು ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡು ನಿಂತಿವೆ. ಒಂದು ಮನೆಯಲ್ಲಿ ಸೀನಿದರೆ ಮೂರನೆಯ ಮನೆಯಲ್ಲಿ ಬೈಯುತ್ತಾರೆ. ಅಂಥ ಜಾಗದಲ್ಲಿ ಕೂತು ಷಡಕ್ಷರಪ್ಪ ಡ್ಯಾನ್ಸ್ ಮ್ಯೂಸಿಕ್ ಮಾಡುತ್ತಿದ್ದ.

ವಾರದಲ್ಲಿ ಆರು ದಿನ ಅವನು ಸಹಕಾರ ಸಂಘವೊಂದರ ಗುಮಾಸ್ತ. ಏಳನೆಯ ದಿನ ಡಿಜೆ. ಎರಡು ವರ್ಷದ ಹಿಂದೆ, ಅಂದರೆ ಎರಡು ಸಾವಿರದ ಮೂರರಲ್ಲಿ, ಹಾಸನದಿಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು, ಅದರ ಪಕ್ಕಕ್ಕೆ ಅಂಗೈಯಗಲದ ಎರಡು ಸ್ಪೀಕರು, ಕಾಲಬುಡದಲ್ಲಿ ಒಂದು ವೂಫರ್ ಡಬ್ಬ ಇಟ್ಟುಕೊಂಡಿದ್ದ. ಸಿ.ಡಿ.ಗಳ ಮೇಲೆ ಹಾಕಲು ಹೆಸರು ಉದ್ದವಾಯಿತೆಂದು 'ಡಿಜೆ ಷಡ್ಡಿ' ಅಂತ ಸ್ಟಿಕ್ಕರ್ ಮಾಡಿಸಿದ. ಗಲ್ಲಿಯವರು ಅದೇ ದಿನದಿಂದ ಅವನನ್ನು ಡಿಜೆ ಚಡ್ಡಿ ಎಂದು ಕರೆಯತೊಡಗಿದರು. ಈ ಅನ್ಯಾಯವನ್ನು ಅವನು ಇನ್ನೂ ಮರೆತಿರಲಿಲ್ಲ.

ಅವತ್ತು ಅವನ ಬಾಳಿನಲ್ಲೇ ದೊಡ್ಡ ದಿನ. ಸಂಜೆ ಬೇಲೂರಿನಲ್ಲಿ ಗುಂಪು ನೃತ್ಯದ ಸ್ಪರ್ಧೆ. ಅರೇಹಳ್ಳಿಯ ಹೆಣ್ಣುಮಕ್ಕಳ ತಂಡ ಅವನು ಮಿಕ್ಸ್ ಮಾಡಿದ ಹಾಡಿಗೆ ಕುಣಿಯುವುದೆಂದು ಗೊತ್ತಾಗಿತ್ತು. ಸೌಂಡ್ ಸರ್ವೀಸಿನ ಕೃಷ್ಣಪ್ಪ ಬೀರುವಿನಷ್ಟು ದೊಡ್ಡ ನಾಲ್ಕು ಬೇಸ್ ಬಾಕ್ಸ್ ತಂದಿದ್ದ. ಅಂಥ ಬಾಕ್ಸಿನಲ್ಲಿ ಷಡಕ್ಷರಪ್ಪನ ಹಾಡು ಒಮ್ಮೆಯೂ ಬಂದಿರಲಿಲ್ಲ. ಎರಡು ಗಂಟೆಗೆ ಸಿ.ಡಿ. ಬಸ್ ಸ್ಟ್ಯಾಂಡಿನಲ್ಲಿ ಕೃಷ್ಣಪ್ಪನ ಕೈಗೆ ತಲುಪಬೇಕಿತ್ತು. ಬಾಕಿ ಇದ್ದದ್ದು ಸಬ್ ಬೇಸನ್ನು ಕೊನೆಯ ಸಲ ಕೇಳಿ ನೋಡುವುದೊಂದೇ.

ಈ ಸಬ್ ಬೇಸ್ ಎಂಬುದು ಹಾಡಿನ ತೀರ ತಳದಲ್ಲಿರುವ ಸದ್ದು. ಕಿವಿಗಿಂತ ಮೊದಲು ಅಂಗಾಲಿಗೆ, ಹೊಟ್ಟೆಗೆ ಕೇಳುವಂಥದ್ದು. ಹೆಚ್ಚಾದರೆ ತಾಳ, ರಾಗ ಎಲ್ಲ ಅದರೊಳಗೆ ಮುಳುಗಿ ಹಾಡು ಅಂಬಲಿಯಾಗುತ್ತದೆ. ಕಡಿಮೆಯಾದರೆ ಉಪ್ಪಿಲ್ಲದ ಸಾರು. ಡ್ರಮ್ಮಿನ ಗುದ್ದು, ಬೇಸಿನ ಗುಂಯ್ ಎರಡೂ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗದ ಹಾಗೆ ನೋಡಿಕೊಳ್ಳಬೇಕು. ಹದಿನೈದು ದಿನ ಕೂತು ಷಡಕ್ಷರಪ್ಪ ಆ ಹದವನ್ನು ಹಿಡಿದಿದ್ದ. ಆದರೆ ಇವತ್ತು ಬೆಳಿಗ್ಗೆ ಹಾಕಿ ನೋಡಿದರೆ ತಳ ಯಾಕೋ ದಪ್ಪವಾಗಿ ಕೇಳುತ್ತಿತ್ತು. ಗುಂಯ್ ಎನ್ನುವುದು ನಿಲ್ಲಲೇ ಒಲ್ಲದು. ಅಷ್ಟರಲ್ಲಿ ಸೌಟು ಬಂತು, ಅದರ ಹಿಂದೆ ಮುದ್ದಮ್ಮ.

"ಏನಪ್ಪಾ ಷಡಕ್ಷರಿ, ನಮ್ಮನೆ ಉರುಳಿಸ್ಬೇಕು ಅಂತ ಮಾಡಿದ್ದೀಯಾ? ನಿನ್ ಹಾಡಿಗೆ ನಮ್ ಲೋಟ ಕುಣ್ಕೊಂಡು ಬಂದು ಸಾರಿಗೆ ಬಿದ್ದೈತೆ!"

"ಅಮ್ಮಾ, ಈ ಡಬ್ಬ ನೋಡಿ, ಇಷ್ಟೇ ಇಷ್ಟು. ಇದು ನಿಮ್ಮ ಲೋಟ ಬೀಳಿಸುತ್ತಾ?"

"ನಿಲ್ಸು ನೋಡಾನ."

ಅವನು ಹಾಡು ನಿಲ್ಲಿಸಿದ. ಎರಡು ಕ್ಷಣದಲ್ಲಿ ಗೋಡೆಯ ನಡುಕವೂ ನಿಂತಿತು. ಮತ್ತೆ ಹಾಕಿದ. ಗೋಡೆ ಮತ್ತೆ ನಡುಗಿತು. ಮುದ್ದಮ್ಮ ಸೌಟನ್ನು ಅವನ ಮೂಗಿನ ಮುಂದೆ ಹಿಡಿದು, "ಇನ್ನೇನ್ ಹೇಳ್ತೀಯ, ಹೇಳು" ಎಂದಳು.

ಷಡಕ್ಷರಪ್ಪ ಕಂಪ್ಯೂಟರಿನ ಕಡೆ ತಿರುಗಿದ. ಬೇಸನ್ನು ಎರಡು ಗೆರೆ ಇಳಿಸಿದ.

ಹತ್ತು ಗಂಟೆಗೆ ನಿವೃತ್ತ ಹೆಡ್ ಮಾಸ್ಟರ್ ಹನುಮಂತಯ್ಯ ಬಂದರು. ಅವರದು ಆ ಕಡೆಯ ಪಕ್ಕದ ಮನೆ.

"ನಮಸ್ಕಾರ, ಡಿಜೆ ಚಡ್ಡಿಯವರೇ."

"ಷಡ್ಡಿ ಸಾರ್. ಷ. ಷಡಕ್ಷರದ ಷ."

"ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದ್ದೀನಿ, ನನಗೆ ಷ ಹೇಳಿಕೊಡಬೇಡಿ. ನನ್ನ ಹಲ್ಲಿನ ಸೆಟ್ಟು ನೀರಿನ ಲೋಟದಲ್ಲಿ ತನ್ನಷ್ಟಕ್ಕೆ ತಾನೇ ಮಾತಾಡ್ತಿದೆ. ಬಂದು ನೋಡ್ತೀರಾ?"

"ಸಾರ್, ಈಗಾಗಲೇ ಇಳಿಸಿದ್ದೀನಿ. ಇನ್ನೂ ಇಳಿಸಿದ್ರೆ ಹಾಡೇ ಇರಲ್ಲ."

"ಬಹಳ ಸಂತೋಷ" ಎಂದರು ಹನುಮಂತಯ್ಯ.

ಷಡಕ್ಷರಪ್ಪನ ಮೈ ಉರಿಯಿತು. ಕೊಬ್ಬರಿ ಲಾರಿಯವರು ಗಲ್ಲಿಯ ಬಾಯಲ್ಲಿ ಹಾರ್ನ್ ಹೊಡೆದರೆ ಇವರಿಗೆ ಕೇಳಿಸುವುದಿಲ್ಲ, ಮದುವೆ ಮನೆಯ ಮೈಕು ಕೇಳಿಸುವುದಿಲ್ಲ, ತನ್ನದೊಂದೇ ಕೇಳಿಸುತ್ತದೆ! ಆದರೂ ತಪ್ಪು ತನ್ನ ಕಡೆಯೇ ಇತ್ತಲ್ಲ. ಎಷ್ಟು ಇಳಿಸಿದರೂ ಆ ಗುಂಯ್ ಹೋಗುತ್ತಿರಲಿಲ್ಲ. ಹಾಡು ನಿಲ್ಲಿಸಿದರೆ ಹೋಗುತ್ತಿತ್ತು, ಹಾಕಿದರೆ ಬರುತ್ತಿತ್ತು. ಕಿವಿಯಲ್ಲೇ ದೋಷವೇನೋ ಎಂದು ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟುಕೊಂಡ. ಆಗ ಗುಂಯ್ ಜೊತೆಗೆ ಗುಳುಗುಳು ಎಂದೂ ಕೇಳತೊಡಗಿತು. ಹಿತ್ತಲಲ್ಲಿ ಕೆಲಸದಲ್ಲಿದ್ದ ಹೆಂಡತಿ ಭಾಗ್ಯಳನ್ನು ಕೂಗಿ, "ಬೇಸ್ ಜಾಸ್ತಿ ಇದೆಯೇನೇ?" ಎಂದ.

"ನಂಗೇನ್ ಗೊತ್ರೀ ಅದೆಲ್ಲ. ನೀವು ಹಾಕಿ, ನಿಲ್ಲಿಸ್ಬೇಡಿ" ಎಂದಳು ಅವಳು ಅಲ್ಲಿಂದಲೇ.

ಒಂದು ಗಂಟೆಯ ಹೊತ್ತಿಗೆ ಬೇಸಿನ ಗೆರೆ ಪರದೆಯ ಬುಡಕ್ಕೆ ಬಂದು ಅಂಗಾತ ಮಲಗಿತ್ತು. ಇನ್ನು ಇಳಿಸಲು ಜಾಗವಿರಲಿಲ್ಲ. ಸಿ.ಡಿ. ಬರೆದು, ಸ್ಟಿಕ್ಕರ್ ಅಂಟಿಸಿ, ಊಟವನ್ನೂ ಮಾಡದೆ ಓಡಿದ.

ಕೃಷ್ಣಪ್ಪನ ಟೆಂಪೊ ಬಸ್ ಸ್ಟ್ಯಾಂಡಿನ ಹಿಂದೆ ನಿಂತಿತ್ತು. ಆತ ಒಂದು ಬಾಕ್ಸನ್ನು ಕೆಳಗಿಳಿಸಿ, ಬ್ಯಾಟರಿಗೆ ಜೋಡಿಸಿ, ಸಿ.ಡಿ. ಹಾಕಿದ. ಷಡಕ್ಷರಪ್ಪ ಬಾಕ್ಸಿನ ಮುಂದೆ ಹೋಗಿ ನಿಂತ. ಬೀರುವಿನಷ್ಟು ಬಾಕ್ಸಿನಿಂದ ಸೊಳ್ಳೆಯಂಥ ಸದ್ದೊಂದು ಹೊರಗೆ ಬಂತು.

ಜಾವಗಲ್ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ತಿರುಗಿ ನೋಡಿ ನಕ್ಕರು.

"ಏನ್ರೀ ಇದು?" ಎಂದ ಕೃಷ್ಣಪ್ಪ. "ಹಾಡಿಗೆ ಭೇದಿ ಆದಂಗೈತಲ್ಲ! ಬೇಸ್ ಹಾಕಿದ್ರಾ, ಇಲ್ಲ ಮನೇಲೇ ಬಿಟ್ಟು ಬಂದ್ರಾ?"

"ಇಲ್ಲ ಕೃಷ್ಣಪ್ಪನೋರೇ, ಮನೇಲಿ ಜಾಸ್ತಿನೇ ಇತ್ತು... ಗೋಡೆ ಎಲ್ಲ ನಡುಗ್ತಿತ್ತು..."

"ನಿಮ್ ಗೋಡೆ ತಗೊಂಡು ನಾನೇನ್ ಮಾಡ್ಲಿ? ಈ ನಾಲ್ಕು ಬಾಕ್ಸ್ ಏನು ದೇವರ ಗೂಡು ಮಾಡೋಕೆ ತಂದಿದ್ದೀನಾ? ನಾಲ್ಕಕ್ಕೆ ಗಾಡಿ ಹೊರಡ್ತೈತೆ. ಸರಿ ಮಾಡ್ಕೊಂಡು ಬಂದ್ರೆ ಬನ್ನಿ, ಇಲ್ದಿದ್ರೆ ನನ್ನತ್ರ ಬೇರೆ ಸಿ.ಡಿ. ಐತೆ."

ಷಡಕ್ಷರಪ್ಪ ಓಡುತ್ತಲೇ ಮನೆಗೆ ಬಂದ. ಗಲ್ಲಿಗೆ ಕಾಲಿಟ್ಟರೆ ಅವನ ಬಾಗಿಲ ಮುಂದೆ ಹತ್ತು ಜನ. ಬಾಗಿಲಿಗೆ ಬೀಗ. ಗೋಡೆ ಗುಂಯ್ ಎನ್ನುತ್ತಿತ್ತು.

"ಬಂದ ನೋಡಿ ಮಹರಾಯ!" ಎಂದು ಮುದ್ದಮ್ಮ ಕೂಗಿದಳು. "ಮನೇಲಿ ಇದ್ದಾಗ ಸಾಲ್ದು ಅಂತ ಹಾಡು ಹಾಕಿ ಬೀಗ ಬೇರೆ ಹಾಕ್ಕೊಂಡು ಹೋಗಿದ್ದೀಯಲ್ಲ, ನಿನ್ನ ಮನುಷ್ಯ ಅಂತಾರಾ?"

"ದೂರು ಬರೆದಾಗಿದೆ" ಎಂದು ಹನುಮಂತಯ್ಯ ಕಾಗದ ಎತ್ತಿ ತೋರಿಸಿದರು. "ಸಹಿಯೊಂದು ಬಾಕಿ."

ಷಡಕ್ಷರಪ್ಪ ತನ್ನ ಜೇಬಿನ ಕೀಲಿಯಿಂದ ಬೀಗ ತೆಗೆದ. ಎಲ್ಲರೂ ಒಳಗೆ ನುಗ್ಗಿದರು. ಕಂಪ್ಯೂಟರ್ ಕಪ್ಪಗೆ ಕೂತಿತ್ತು. ಅವನು ಅದರ ವೈರನ್ನು ಗೋಡೆಯಿಂದ ಕಿತ್ತು, ಸತ್ತ ಹಾವಿನಂತೆ ಎತ್ತಿ ಹಿಡಿದ. ಗುಂಯ್ ಮಾತ್ರ ಹಾಗೇ ಇತ್ತು. ಕಿಟಕಿಯ ಗಾಜು ಜಲಜಲ ಎನ್ನುತ್ತಲೇ ಇತ್ತು.

ಆಗ ಷಡಕ್ಷರಪ್ಪ ಬಾಯಿ ಬಿಟ್ಟ. ಎರಡು ವರ್ಷದ್ದೆಲ್ಲ ಹೊರಗೆ ಬಂತು.

"ಈಗ ಹೇಳಿ! ಯಾರ ಬೇಸು ಇದು? ನನ್ನದಾ? ಹದಿನೈದು ದಿನದ ಕೆಲಸ ನಿಮ್ಮ ಮಾತು ಕೇಳಿ ಹಾಳು ಮಾಡ್ಕೊಂಡೆನಲ್ರೀ! ಇದು ಐವತ್ತು ಹರ್ಟ್ಸ್ ಸದ್ದು, ಕರೆಂಟಿನ ಗುಂಯ್. ಇದು ಹಾಡಲ್ಲ, ಮೋಟಾರು! ಯಾರೋ ಕಳ್ಳರು ನಲ್ಲಿ ಪೈಪಿಗೆ ಮೋಟಾರು ಹಾಕಿದ್ದಾರೆ!"

ಅವತ್ತು ಗಲ್ಲಿಗೆ ನೀರು ಬಿಡುವ ದಿನ. ಬೆಳಿಗ್ಗೆಯಿಂದ ಎಲ್ಲರ ನಲ್ಲಿಯಲ್ಲೂ ದಾರದಷ್ಟು ನೀರು. ಅದನ್ನು ನೆನೆದದ್ದೇ ತಡ, ಲೋಟ, ಹಲ್ಲು, ದೂರು ಎಲ್ಲ ಮರೆತುಹೋಯಿತು. ಉದ್ದನೆಯ ವಾಲ್ವ್ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದ ವಾಟರ್‌ಮ್ಯಾನ್ ಚಿಕ್ಕಣ್ಣನನ್ನು ತಡೆದು ನಿಲ್ಲಿಸಿದರು.

"ಹಂಗೇನಾರ ಇದ್ರೆ ಮೋಟಾರು ಕಿತ್ಕೊಂಡು ಹೋಯ್ತೀನಿ" ಎಂದ ಚಿಕ್ಕಣ್ಣ. "ಆದ್ರೆ ಎಲ್ಲೈತೆ ಅಂತ ತೋರ್ಸೋರು ಯಾರು?"

"ನಾನು ತೋರಿಸ್ತೀನಿ" ಎಂದ ಷಡಕ್ಷರಪ್ಪ. "ಇಂಥದ್ದಕ್ಕೇ ಈ ಕಿವಿ ಇಟ್ಕೊಂಡಿರೋದು."

ಅವನು ಗಲ್ಲಿಯ ಆ ತುದಿಯಿಂದ ಶುರುಮಾಡಿದ. ಮನೆಮನೆಗೆ ಹೊಕ್ಕು ಗೋಡೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ತಲೆಯಾಡಿಸಿ ಹೊರಗೆ ಬರುತ್ತಿದ್ದ. ಹಿಂದೆ ಇಡೀ ಗಲ್ಲಿ ಬೆರಳು ಬಾಯಿಗಿಟ್ಟುಕೊಂಡು ಬರುತ್ತಿತ್ತು. ಮುದ್ದಮ್ಮನ ಅಕ್ಕಿ ಡ್ರಮ್ಮನ್ನು ಸರಿಸಿ ನೋಡಿದ. ಹನುಮಂತಯ್ಯನವರು ಎಷ್ಟು ಬೇಡವೆಂದರೂ ಬಿಡದೆ ಅವರ ಬಚ್ಚಲಿಗೆ ನುಗ್ಗಿದ. ಅಲ್ಲಿ ಎರಡು ಖಾಲಿ ಬಕೆಟ್ಟು, ಒಂದು ತೇಪೆ ಹಾಕಿದ ಲುಂಗಿ ಬಿಟ್ಟರೆ ಬೇರೇನೂ ಇರಲಿಲ್ಲ. ಹೆಡ್ ಮಾಸ್ಟರರ ಮುಖ ಕೆಂಪಾದದ್ದನ್ನು ನೋಡಿ ಅವನಿಗೆ ಹಿತವಾಯಿತು.

"ಈ ಕಡೆ ಹೆಚ್ಚಿದೆ" ಎಂದು ಅವನು ಕಣ್ಣು ಮುಚ್ಚಿಕೊಂಡೇ ಗೋಡೆಗುಂಟ ಕಿವಿ ಜಾರಿಸುತ್ತಾ ಹಿತ್ತಲ ಕಡೆ ಬಂದ. "ಇಲ್ಲಿ... ಇನ್ನೂ ಹೆಚ್ಚಿದೆ... ಬನ್ನಿ, ಬನ್ನಿ. ಸಿಕ್ಕಿದ ಕಳ್ಳ!" ಎಂದು ಒಂದು ಬಚ್ಚಲಿನ ತಗಡಿನ ಬಾಗಿಲನ್ನು ಧಡಾರನೆ ತಳ್ಳಿದ.

ಒಳಗೆ ಬೋರಲು ಹಾಕಿದ ಬುಟ್ಟಿಯೊಂದು ಗುಂಯ್ ಎಂದು ನಡುಗುತ್ತಿತ್ತು. ಚಿಕ್ಕಣ್ಣ ಬುಟ್ಟಿ ಎತ್ತಿದ. ಕಲ್ಲಿಗೆ ಬೋಲ್ಟ್ ಹಾಕಿ ಕೂರಿಸಿದ ಹೊಚ್ಚ ಹೊಸ ನೀಲಿ ಮೋಟಾರು. ಅದರ ಪಕ್ಕದಲ್ಲಿ ತುಂಬಿ ತುಳುಕುತ್ತಿದ್ದ ಡ್ರಮ್ಮು. ಡ್ರಮ್ಮಿನ ಮೇಲಿನ ಹಗ್ಗದಲ್ಲಿ ಒಣಗಲು ಹಾಕಿದ್ದ ಷಡಕ್ಷರಪ್ಪನ ಚೌಕಳಿ ಅಂಗಿ.

ಷಡಕ್ಷರಪ್ಪ ಅಂಗಿಯನ್ನು ನೋಡಿದ, ಮೋಟಾರನ್ನು ನೋಡಿದ, ಮತ್ತೆ ಅಂಗಿಯನ್ನು ನೋಡಿದ. ಆಗ ರಾಗಿ ಹಿಟ್ಟಿನ ಡಬ್ಬ ಸೊಂಟದಲ್ಲಿಟ್ಟುಕೊಂಡು ಭಾಗ್ಯ ಮಿಲ್ಲಿನಿಂದ ಬಂದಳು.

"ಏನೇ ಇದು?" ಎಂದ ಅವನು.

"ಏನು ಅಂದ್ರೆ? ಮೋಟಾರು! ನಮ್ಮಣ್ಣನ ಕೈಲಿ ತರಿಸ್ದೆ" ಎಂದಳು ಭಾಗ್ಯ. "ಒಂದು ಬಿಂದಿಗೆ ತುಂಬೋಕೆ ಒಂದು ಗಂಟೆ ಕಾಯ್ಬೇಕಿತ್ತು. ಹದಿನೈದು ದಿನದಿಂದ ನೀರಿಲ್ಲ ಕಣ್ರೀ, ನೀರಿಲ್ಲ ಕಣ್ರೀ ಅಂತ ಬಡ್ಕೊಂಡೆ. ಅದ್ಯಾವ್ದೋ ತಳದ ಸದ್ದು ಕೇಳೋ ಕಿವಿಗೆ ನನ್ನ ಮಾತು ಕೇಳಿಸ್ತಾ?"

"ನಾನು ಹಾಡು ನಿಲ್ಲಿಸಿದಾಗ ಇದೂ ನಿಲ್ತಿತ್ತಲ್ಲೇ!"

"ನಿಲ್ಲಿಸ್ತಿದ್ದೆ. ನೀವು ಹಾಕ್ದಾಗ ಹಾಕ್ತಿದ್ದೆ. ನಿಮ್ಮ ಗದ್ದಲದಲ್ಲಿ ಯಾರಿಗೂ ಗೊತ್ತಾಗಲ್ಲ ಅಂತ. ನೀವು ಬಸ್ ಸ್ಟ್ಯಾಂಡಿಗೆ ಹೋದ್ರಿ, ಡ್ರಮ್ಮು ಇನ್ನೂ ಅರ್ಧ ಇತ್ತು. ನಾನೇನ್ ಮಾಡ್ಲಿ?"

ಚಿಕ್ಕಣ್ಣ ಮೋಟಾರು ಬಿಚ್ಚಿ ಸೈಕಲ್ಲಿಗೆ ಕಟ್ಟಿದ. ಹನುಮಂತಯ್ಯ ದೂರಿನಲ್ಲಿ 'ಹಾಡು' ಎಂದಿದ್ದ ಕಡೆಯಲ್ಲೆಲ್ಲ 'ಮೋಟಾರು' ಎಂದು ತಿದ್ದಿ, ಕೆಳಗೆ ದುಂಡಗೆ ಸಹಿ ಹಾಕಿದರು. ಷಡಕ್ಷರಪ್ಪ ಬೇಸನ್ನು ಮೊದಲಿನ ಹದಕ್ಕೆ ತಂದು ಬಸ್ ಸ್ಟ್ಯಾಂಡಿಗೆ ಓಡುವಷ್ಟರಲ್ಲಿ ನಾಲ್ಕೂಮುಕ್ಕಾಲು. ಟೆಂಪೊ ನಿಂತಿದ್ದ ಜಾಗದಲ್ಲಿ ಆಯಿಲ್ ಕಲೆಯೊಂದಿತ್ತು. ಅರೇಹಳ್ಳಿಯವರು ಕೃಷ್ಣಪ್ಪ ಕೊಟ್ಟ ಸಿ.ಡಿ.ಗೇ ಕುಣಿದು ಮೊದಲ ಬಹುಮಾನ ತೆಗೆದುಕೊಂಡರೆಂದು ಮರುದಿನ ಆಫೀಸಿನಲ್ಲಿ ತಿಳಿಯಿತು.

ಮುಂದಿನ ಸಲ ನೀರು ಬಿಟ್ಟದ್ದು ಗುರುವಾರ ಸಂಜೆ. ಷಡಕ್ಷರಪ್ಪ ಕಂಪ್ಯೂಟರಿಗೆ ಟವೆಲ್ ಹೊದಿಸಿ, ಕೈ ಕಟ್ಟಿಕೊಂಡು ಕೂತಿದ್ದ. ಇನ್ನು ಈ ಗಲ್ಲಿಯಲ್ಲಿ ಹಾಡು ಮಾಡುವುದಿಲ್ಲವೆಂದು ತೀರ್ಮಾನವಾಗಿತ್ತು. ಬಾಗಿಲು ಬಡಿದ ಸದ್ದಾಯಿತು. ಮುದ್ದಮ್ಮ, ಅವಳ ಹಿಂದೆ ಹನುಮಂತಯ್ಯ. ಇಬ್ಬರ ಮುಖದಲ್ಲೂ ಹಿಂದೆಂದೂ ಕಾಣದ ನಗೆ.

"ಯಾಕಪ್ಪಾ ಷಡಕ್ಷರಿ, ಹಾಡೇ ಇಲ್ಲ ಇವತ್ತು?" ಎಂದಳು ಮುದ್ದಮ್ಮ.

"ಕಲೆಯನ್ನು ಹೀಗೆ ಅರ್ಧಕ್ಕೆ ಬಿಡಬಾರದು ಷಡ್ಡಿಯವರೇ" ಎಂದರು ಹನುಮಂತಯ್ಯ. ಮೊದಲ ಸಲ ಷ ಸರಿಯಾಗಿ ಬಂದಿತ್ತು. "ಚಿಕ್ಕಣ್ಣ ಆ ಬೀದಿಯ ತುದಿಗೆ ಬಂದಿದ್ದಾನಂತೆ. ಬೇಗ ಹಾಕಿ. ಬೇಸು ಸ್ವಲ್ಪ ಹೆಚ್ಚಿಗೇ ಇರಲಿ."

ಷಡಕ್ಷರಪ್ಪ ಗೋಡೆಗೆ ಕಿವಿಯಿಟ್ಟ. ಎಡಗಡೆಯಿಂದ ಒಂದು ಗುಂಯ್, ಬಲಗಡೆಯಿಂದ ಒಂದು, ಅದರಾಚೆಯಿಂದ ಇನ್ನೂ ಎರಡೋ ಮೂರೋ. ಅವನು ತಿರುಗಿ ಭಾಗ್ಯಳನ್ನು ನೋಡಿದ.

"ಮೋಟಾರಿನ ಅಂಗಡಿ ಎಲ್ಲಿ ಅಂತ ಕೇಳಿದ್ರು, ಹೇಳ್ದೆ" ಎಂದಳು ಅವಳು.

"ಇದು ಅನ್ಯಾಯ!" ಎಂದು ಷಡಕ್ಷರಪ್ಪ ಕೂಗಿದ. "ನನ್ನನ್ನೇನಂದ್ಕೊಂಡಿದ್ದೀರಿ ನೀವೆಲ್ಲ!"

ಮುದ್ದಮ್ಮ ಕಿವಿಗೆ ಕೈ ಅಡ್ಡ ಹಿಡಿದು ಮುಂದಕ್ಕೆ ಬಾಗಿದಳು.

"ಏನಂದೆ? ಈ ಸದ್ದಿನಾಗೆ ಒಂದೂ ಕೇಳಿಸ್ತಿಲ್ಲ ಕಣಪ್ಪಾ. ಮೊದ್ಲು ಹಾಡು ಹಾಕು, ಆಮೇಲೆ ಬಯ್ಯುವೆಯಂತೆ."