ಇಪ್ಪತ್ತು ಮೀಟರಿನ ಹಗ್ಗ

ಅಳತೆ ತಪ್ಪುವುದು ತನ್ನ ಹಣೆಯಲ್ಲೇ ಬರೆದಿಲ್ಲ ಎಂದು ಕುಷ್ಟಗಿಯ ಸರ್ವೇಯರ್ ಹಂಪಣ್ಣ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಹೇಳಲಿ ಬಿಡಿ. ಬದುವಿಗಾಗಿ ಬಡಿದಾಡುವ ಅಣ್ಣತಮ್ಮಂದಿರು ಕೂಡ ಅವನ ಸರಪಳಿ ನೆಲಕ್ಕೆ ಬಿದ್ದ ಮೇಲೆ ಬಾಯಿ ಮುಚ್ಚುತ್ತಿದ್ದರು. ಅಂಥವನು ೧೯೭೯ರ ಡಿಸೆಂಬರಿನ ಒಂದು ಸಂಜೆ ಚಹಾದ ಬಸಿ ಕೆಳಗಿಟ್ಟು ಹೆಂಡತಿ ಕಳಕಮ್ಮನ ಮುಂದೆ ಶಪಥ ಮಾಡಿದ.

"ಸಂಕ್ರಾಂತಿ ಆದ ಮ್ಯಾಲ ಕೊಪ್ಪಳದಾಗ ನೌಕರರ ಆಟೋಟ ಅದಾವ. ನಲವತ್ತು ದಾಟಿದವರ ನೂರು ಮೀಟರ್ ಓಟಕ್ಕ ಹೆಸರು ಕೊಟ್ಟೀನಿ. ಮೊದಲನೇ ಬಹುಮಾನ ಸ್ಟೀಲಿನ ಕೊಡ. ಅದು ನಿಂದು ಅಂತ ತಿಳಕೋ."

"ಮೊನ್ನೆ ಯಲಬುರ್ಗಾ ಬಸ್ ತಪ್ಪಿಸ್ಕೊಂಡು ಬಂದವ್ರು ನೀವs ಅಲ್ಲೇನು?" ಎಂದಳು ಕಳಕಮ್ಮ.

ಹಾಗೆಂದರೂ ಕೊಡದ ಮಾತು ಅವಳ ಮನಸ್ಸಿಗೆ ಇಳಿದಿತ್ತು. ಅವಳ ತಾಮ್ರದ ಕೊಡಕ್ಕೆ ಎರಡು ಕಡೆ ಬೆಸುಗೆ. ಹೊತ್ತರೆ ಸೊಂಟ ನೋಯುತ್ತಿತ್ತು, ನೋವಿನ ಜೊತೆ ಸೀರೆಯೂ ತೊಯ್ಯುತ್ತಿತ್ತು.

ಓಡಲು ಮನೆಯ ಹಿಂದಿನ ಬಂಡಿದಾರಿ ಇತ್ತು. ಅಳೆಯಲು ಏನು ಮಾಡುವುದು? ಸರಕಾರಿ ಸರಪಳಿಯನ್ನು ಸ್ವಂತ ಕೆಲಸಕ್ಕೆ ದಿನಾ ಎಳೆಯುವ ಮನುಷ್ಯ ಹಂಪಣ್ಣ ಅಲ್ಲ. ಒಂದೇ ಒಂದು ಸಲ, ದೇವರಿಗೆ ತಪ್ಪೊಪ್ಪಿಕೊಂಡು, ಬಾವಿಗೆಂದು ಆಗಷ್ಟೇ ತಂದಿದ್ದ ಪುಂಡಿನಾರಿನ ಹೊಸ ಹಗ್ಗವನ್ನು ಸರಪಳಿಯ ಮಗ್ಗುಲಿಗೆ ಹಾಸಿ ಸರಿಯಾಗಿ ಇಪ್ಪತ್ತು ಮೀಟರಿಗೆ ಕತ್ತರಿಸಿದ. ಅದನ್ನು ಐದು ಸಲ ಹಾಸಿದರೆ ನೂರು ಮೀಟರ್. ಎಳೆದ ಸುಣ್ಣದ ಗೆರೆಯನ್ನು ಕುರಿಹಿಂಡು ತುಳಿದು ಅಳಿಸುತ್ತಿದ್ದರಿಂದ ಪ್ರತಿದಿನ ಹೊಸದಾಗಿ ಅಳೆಯಬೇಕಿತ್ತು. ಕಳಕಮ್ಮನ ಕರಾರು ಒಂದೇ: "ನಂದು ನೀರು ಸೇದೂದು ಮುಗಿದ ಮ್ಯಾಲ ಹಗ್ಗ ಒಯ್ರಿ."

ಸಾಲೆಯ ಡ್ರಿಲ್ ಮಾಸ್ತರ ಕಾಳಪ್ಪ ತನ್ನ ಸ್ಟಾಪ್ ವಾಚು ಕೊಟ್ಟು ವಿದ್ಯೆಯನ್ನೂ ಕೊಟ್ಟ. "ಓಟದಾಗ ಎರಡs ಲೆಕ್ಕ ಸಾಹೇಬ್ರ. ಹೆಜ್ಜಿ ಎಷ್ಟು ಉದ್ದ, ಹೆಜ್ಜಿ ಎಷ್ಟು ಜಲ್ದಿ. ಮಗ್ಗಲಿನವನ್ನ ನೋಡಬ್ಯಾಡ್ರಿ, ತಲಿ ತಗ್ಗಿಸಿ ಹೆಜ್ಜಿ ಎಣಸ್ರಿ. ಬೆನ್ನಿಗೆ ಗಾಳಿ ಇದ್ದ ದಿನದ್ದು ಲೆಕ್ಕಕ್ಕ ಹಿಡೀಬ್ಯಾಡ್ರಿ."

ಗಾಳಿ ನೋಡಲು ಬೇವಿನ ಗಿಡಕ್ಕೆ ಒಂದು ಟವೆಲ್ಲು ಕಟ್ಟಿದ್ದಾಯಿತು. ಹಂಪಣ್ಣ ಕೈಯಲ್ಲಿದ್ದ ವಸ್ತ್ರ ಕೆಳಗೆ ಬಿಟ್ಟು ಓಡುತ್ತಿದ್ದ. ಅದು ಬೀಳುವುದು ಕಂಡ ಕೂಡಲೇ ಆ ತುದಿಯಲ್ಲಿ ಕಳಕಮ್ಮ ಗುಂಡಿ ಒತ್ತಬೇಕು. ಮೊದಲ ದಿನ ಐವತ್ತೇಳು ಹೆಜ್ಜೆ, ಹದಿನಾಲ್ಕು ಪಾಯಿಂಟ್ ಎರಡು ಸೆಕೆಂಡು. ನಾಲ್ಕು ದಿನಕ್ಕೆ ಐವತ್ತೈದು ಹೆಜ್ಜೆ. ವಾರಕ್ಕೆ ಐವತ್ನಾಲ್ಕು. ಎರಡು ವಾರ ತುಂಬುವಷ್ಟರಲ್ಲಿ ಐವತ್ತೆರಡೇ ಹೆಜ್ಜೆ, ಹನ್ನೆರಡು ಪಾಯಿಂಟ್ ಒಂಬತ್ತು! ಬೆನ್ನಿಗೆ ಗಾಳಿಯೂ ಇರಲಿಲ್ಲ. ಟವೆಲ್ಲು ಜೋತುಬಿದ್ದೇ ಇತ್ತು.

ಹಂಪಣ್ಣನಿಗೆ ನೆಲದ ಮೇಲೆ ಕಾಲೂರುವುದೇ ಮರೆತುಹೋಯಿತು. ಪುಷ್ಯದ ಮಂಜಿನಲ್ಲಿ ಬಂಡಿದಾರಿ ಹಾಲು ಚೆಲ್ಲಿದಂತೆ ಕಾಣುತ್ತಿತ್ತು. ಅದರೊಳಗೆ ಓಡುವಾಗ ಅವನ ಹೊಟ್ಟೆ ಕರಗಿ, ಬಿಳಿಗೂದಲು ಉದುರಿ, ಹದಿನೆಂಟರ ಹುಡುಗನೊಬ್ಬ ಹೊರಬರುತ್ತಿದ್ದ. ತುದಿಯಲ್ಲಿ ಮಸುಕಾಗಿ ನಿಂತ ಕಳಕಮ್ಮ ಮದುವೆಗೆ ಮುಂಚೆ ಆನೆಗೊಂದಿಯ ಹೊಳೆದಂಡೆಯಲ್ಲಿ ಮೊದಲ ಸಲ ಕಂಡ ಹುಡುಗಿಯಾಗುತ್ತಿದ್ದಳು. ಆಫೀಸಿನಲ್ಲಿ ನಕ್ಷೆಯ ಮೇಲೆ ಪೆನ್ಸಿಲ್ ಇಟ್ಟರೂ ಅವನ ಮನಸ್ಸು ಓಡುತ್ತಲೇ ಇತ್ತು. ಖುಷಿಯಾಗಿದ್ದ, ನಿಜವಾಗಿಯೂ ಖುಷಿಯಾಗಿದ್ದ.

ದಿನಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಇಳಿಯುತ್ತಿದೆ ಎಂದು ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ನೋಡಿದ. ಗೆರೆ ಹೀಗೇ ಇಳಿದರೆ ಬಸವ ಜಯಂತಿಯ ಹೊತ್ತಿಗೆ ಸೊನ್ನೆಗೆ ಬರುತ್ತಿತ್ತು. ಅಂದರೆ ಹೊರಡುವುದೂ ಮುಟ್ಟುವುದೂ ಒಂದೇ! ಅದರಾಚೆಗಿನದನ್ನು ಯೋಚಿಸಲು ಅವನಿಗೇ ಹೆದರಿಕೆಯಾಯಿತು.

ಇತ್ತ ಕಳಕಮ್ಮನಿಗೆ ಬೇರೆ ಚಿಂತೆ. "ರೀ, ಹಗ್ಗ ಗಿಡ್ಡ ಆಗೈತ್ರಿ. ಕೊಡ ನೀರು ಮುಟ್ಟವಲ್ದು."

"ಹಗ್ಗ ಗಿಡ್ಡ ಆಗಿಲ್ಲ, ಬಾವಿ ನೀರು ಇಳದೈತಿ."

"ಸಂಕ್ರಾಂತಿಗೇ ಇಳೀತೈತೇನು?"

"ಇಪ್ಪತ್ತು ಮೀಟರ್ ಅಳದಾವ ನಾನು. ನೀ ಬಾವಿ ಕೇಳು."

ಅವಳು ಬಾವಿಯನ್ನು ಕೇಳಲಿಲ್ಲ. ಹಳೆಯ ಸೀರೆಯ ತುಂಡೊಂದನ್ನು ಹಗ್ಗದ ತುದಿಗೆ ಗಂಟು ಹಾಕಿ ನೀರು ಸೇದತೊಡಗಿದಳು. ಹಂಪಣ್ಣನೂ ಕಟ್ಟುನಿಟ್ಟಿನ ಮನುಷ್ಯ. ಅಳತೆಯಲ್ಲಿ ಮೋಸ ಆಗಬಾರದೆಂದು ದಿನಾ ಆ ಗಂಟು ಬಿಚ್ಚಿಯೇ ದಾರಿ ಅಳೆಯುತ್ತಿದ್ದ.

ಕಾಳಪ್ಪ ಮಾತ್ರ ತಲೆ ಕೆರೆದುಕೊಂಡ. "ಎರಡು ವಾರದಾಗ ಇಷ್ಟು ಇಳಿಯೂದಂದ್ರ ವಾಚರ ಸುಳ್ಳು, ಇಲ್ಲಾ ದಾರಿಯರ ಸುಳ್ಳು, ಸಾಹೇಬ್ರ."

"ವಾಚು ನಿಂದು. ದಾರಿ ಸರ್ವೇಯರ್ ಅಳದದ್ದು," ಎಂದ ಹಂಪಣ್ಣ. ಕಾಳಪ್ಪ ತನ್ನ ವಾಚನ್ನೇ ಅನುಮಾನದಿಂದ ಅಲ್ಲಾಡಿಸಿ ನೋಡಿದ.

ಕೊಪ್ಪಳಕ್ಕೆ ಹೊರಟ ಬೆಳಿಗ್ಗೆ ಕಳಕಮ್ಮ ತಾಮ್ರದ ಕೊಡವನ್ನು ಪಕ್ಕದ ಮನೆಯ ಮೈಮುನಬಿಗೆ ಕೊಟ್ಟುಬಿಟ್ಟಳು. "ನಿಮ್ಮ ಕೋಳಿಗೆ ನೀರಿಡಾಕ ಆಗತೈತಿ ತಗೋಳ್ರಿ. ನಮ್ಮನಿಗೆ ಸ್ಟೀಲಿಂದು ಬರ್ತೈತಿ." ಹದಿನಾರು ವರ್ಷದ ಸಂಸಾರದಲ್ಲಿ ಅವಳು ಹಂಪಣ್ಣನ ಮಾತನ್ನು ಇಷ್ಟು ನಂಬಿದ್ದು ಅದೇ ಮೊದಲು.

ಕೋಟೆಗುಡ್ಡದ ಕೆಳಗಿನ ಮೈದಾನದಲ್ಲಿ ಎಂಟು ಮಂದಿ ಹೊಟ್ಟೆ ಒಳಗೆಳೆದು ನಿಂತರು. ಸೀಟಿ ಕೇಳಿತು. ಹಂಪಣ್ಣ ತಲೆ ತಗ್ಗಿಸಿದ. ಹತ್ತು, ಇಪ್ಪತ್ತು, ಮೂವತ್ತು. ಮಂಜಿಲ್ಲದಿದ್ದರೂ ಮಂಜು ಬಂತು, ಹಾಲಿನ ದಾರಿ ಬಂತು, ಹೊಳೆದಂಡೆ ಬಂತು. ನಲವತ್ತು. ಮಗ್ಗುಲಲ್ಲಿ ಉಸಿರು ಹಾಕುತ್ತಿದ್ದ ಗಂಗಾವತಿಯ ಕಂಪೌಂಡರ್ ಬಾಲಪ್ಪ ಒಂದು ಮೊಳ ಹಿಂದೆ ಬಿದ್ದ. ಹಂಪಣ್ಣನೇ ಮುಂದು! ಐವತ್ತು. ಐವತ್ತೊಂದು. ಐವತ್ತೆರಡು!

ಹಂಪಣ್ಣ ಕಣ್ಣು ಮುಚ್ಚಿ, ಎದೆ ಮುಂದೊಡ್ಡಿ, ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ.

ಎದೆಗೆ ದಾರ ತಾಗಲಿಲ್ಲ. ಗಾಳಿಯಷ್ಟೇ ತಾಗಿತು, ಏಳು ಮಂದಿ ಸಾಲಾಗಿ ದಾಟಿಹೋದ ಗಾಳಿ. ಕಣ್ಣು ತೆರೆದಾಗ ದಾರ ಇನ್ನೂ ಒಂಬತ್ತು ಮೀಟರ್ ದೂರದಲ್ಲಿತ್ತು, ಬಾಲಪ್ಪನ ಹೊಟ್ಟೆಗೆ ಸುತ್ತಿಕೊಂಡು. ಜನ ನಕ್ಕರು. ಹಂಪಣ್ಣನ ಕಿವಿ ಕೆಂಪಾಯಿತು. ಆದರೆ ಅವನನ್ನು ಹಿಂಡಿದ್ದು ಜನರ ನಗುವಲ್ಲ. ಬೇಲಿಯ ಆಚೆ ನಿಂತಿದ್ದ ಕಳಕಮ್ಮ ನಗದೆ ಇದ್ದದ್ದು.

ಸಂಜೆಯ ಬಸ್ಸಿಗೆ ಇಬ್ಬರೂ ಕುಷ್ಟಗಿಗೆ ಮರಳಿದರು. ಮರುದಿನ ಬೆಳಿಗ್ಗೆ ಹಂಪಣ್ಣ ದೇವರಿಗೆ ಇನ್ನೊಮ್ಮೆ ತಪ್ಪೊಪ್ಪಿಕೊಂಡು ಸರಪಳಿ ಹಾಸಿದ, ಮಗ್ಗುಲಿಗೆ ಹಗ್ಗ ಹಾಸಿದ. ಹದಿನೆಂಟು ಮೀಟರ್ ಇಪ್ಪತ್ತು ಸೆಂಟಿಮೀಟರ್. ಐದರಿಂದ ಗುಣಿಸಿದ. ತೊಂಬತ್ತೊಂದು. ಅಲ್ಲೇ ಕುಕ್ಕರಿಸಿದ.

"ಹೊಸಾ ಪುಂಡಿ ಹಗ್ಗ ನೀರು ಕುಡದಂಗ ಗಿಡ್ಡ ಆಗತೈತಿ," ಎಂದಳು ಹಿಂದೆ ಬಂದು ನಿಂತ ಕಳಕಮ್ಮ. "ನಮ್ಮವ್ವ ಎಂಟು ದಿನ ಬಾವ್ಯಾಗ ನೆನಿಸಿಟ್ಟು, ಆಮ್ಯಾಲ ಕೊಯ್ತಿದ್ಲು."

"ಮತ್ತ ಹೇಳೂದಿಲ್ಲೇನು?"

"ಹಗ್ಗ ಗಿಡ್ಡ ಆಗೈತಿ ಅಂದೆ. ಬಾವಿ ಕೇಳು ಅಂದ್ರಿ."

ಹಂಪಣ್ಣ ಎದ್ದು ಮೈಮುನಬಿಯ ಅಂಗಳಕ್ಕೆ ಹೋಗಿ, ಕೋಳಿಗಳನ್ನು ಬದಿಗೆ ಸರಿಸಿ, ತಾಮ್ರದ ಕೊಡ ಕೇಳಿ ತಂದ. ಬಾಯಿ ಬಿಟ್ಟು ಹೇಳದಿದ್ದರೂ ಇನ್ನು ಮೇಲೆ ನೀರು ತಾನೇ ಸೇದುವುದೆಂದು ನಿಶ್ಚಯಿಸಿದ್ದ. ಹಗ್ಗಕ್ಕೆ ಕೊಡ ಕಟ್ಟಿ ಬಾವಿಗಿಳಿಬಿಟ್ಟ. ಸೀರೆಯ ತುಂಡು ಅವಳು ಕೊಡಲಿಲ್ಲ, ಅವನು ಕೇಳಲೂ ಇಲ್ಲ. ಹಗ್ಗ ಮುಗಿಯಿತು. ಕೊಡ ನೀರಿನ ಮೇಲೆ ತೂಗಾಡುತ್ತ ನಿಂತಿತು. ಹಂಪಣ್ಣ ಬಾವಿಕಟ್ಟೆಯ ಮೇಲೆ ಬೋರಲು ಮಲಗಿ ಹಗ್ಗ ಹಿಡಿದ ಎರಡೂ ಕೈ ಕೆಳಗೆ ಚಾಚಿದ.

ಕಳಕಮ್ಮ ಕಟ್ಟೆಯ ಮೇಲೆ ಕೂತು, ಇನ್ನೂ ಕಾಳಪ್ಪನಿಗೆ ಮರಳಿಸದ ಸ್ಟಾಪ್ ವಾಚಿನ ಗುಂಡಿ ಒತ್ತಿ, ಬಾವಿಯೊಳಗೆ ಬಗ್ಗಿ ನೋಡಿದಳು.

"ಅಲ್ಲಿ ಒಂಬತ್ತು ಮೀಟರ್ ಬಿಟ್ಟು ಬಂದ್ರಿ. ಇಲ್ಲಿ ಬರೇ ಒಂದು ಗೇಣು ಉಳದೈತಿ. ಇಷ್ಟರ ಮುಟ್ರಿ."