ಬಚ್ಚಲುಮನೆಯಲ್ಲಿ ತಿರುಗಿದ ಕ್ಷುದ್ರಗ್ರಹ

ನಾನು ಎಂ.ಎಸ್ಸಿ. ಮುಗಿಸುವುದು ಆಗದ ಮಾತು ಎಂದವರು ನನ್ನ ಸೋದರಮಾವ ರೇವಣ್ಣನವರು. ಹೇಳಿದ್ದು ನಮ್ಮ ಮನೆಯಲ್ಲೇ, ನಮ್ಮ ಉಪ್ಪಿಟ್ಟನ್ನೇ ತಿನ್ನುತ್ತಾ. “ನಮ್ ಪೈಕಿ ಎಸ್ಸೆಸ್ಸೆಲ್ಸಿ ದಾಟ್ದೋರಿಲ್ಲ. ಇವ್ಳು ಆಕಾಶದ್ ಕಲ್ಲು ಎಣಿಸ್ತಾಳಂತೆ!” ಎಣಿಸುವುದಲ್ಲ ಎಂದರೂ ಕೇಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಆದ್ದರಿಂದ ನಿಮಗಾದರೂ ಸರಿಯಾಗಿ ಹೇಳಿಬಿಡುತ್ತೇನೆ. ಮಂಗಳ, ಗುರು ಗ್ರಹಗಳ ನಡುವೆ ಕ್ಷುದ್ರಗ್ರಹಗಳೆಂಬ ಕಲ್ಲುಗಳು ಅಲೆಯುತ್ತವೆ. ಎಷ್ಟೋ ಕಲ್ಲುಗಳು ಯಾವುದೋ ದೊಡ್ಡ ಬಂಡೆ ಒಡೆದು ಚದುರಿದ ಚೂರುಗಳು. ದೂರದರ್ಶಕದಲ್ಲೂ ಅವು ಬರೀ ಚುಕ್ಕೆ. ಆದರೆ ಚೂರು ತಿರುಗಿದಂತೆ ಚುಕ್ಕೆಯ ಬೆಳಕು ಏರಿಳಿಯುತ್ತದೆ. ಆ ಏರಿಳಿತದಿಂದ ಆಕಾರ ಕಂಡುಹಿಡಿದು, ಅದು ಯಾವ ಬಂಡೆಯ ಸಂತಾನವೆಂದು ಊಹಿಸಬೇಕು. ಉಪ್ಪಿಟ್ಟು ತಿಂದಷ್ಟು ಸುಲಭವಲ್ಲ.

ನನ್ನ ಪಾಲಿನ ಕಲ್ಲು ಮೂರೂವರೆ ಗಂಟೆಗೊಮ್ಮೆ ಬೆಳಗುತ್ತಿತ್ತು. ಮೂರೂವರೆ ಗಂಟೆಗೆ ಒಂದು ಸುತ್ತು ಎಂದು ಧೈರ್ಯವಾಗಿ ಬರೆದೆ. ಗೈಡ್ ಸಾರ್ ಕೆಂಪು ಶಾಯಿಯಲ್ಲಿ ಗೀಟು ಹಾಕಿದರು. “ಉದ್ದನೆ ಕಲ್ಲು ಅಂತೀಯಾ, ಲೆಕ್ಕ ಹೊಂದಲ್ಲವಲ್ಲಮ್ಮ. ಸೋಮವಾರ ಸರಿ ಮಾಡ್ಕೊಂಡು ಬಾ, ಇಲ್ಲಾಂದ್ರೆ ಮುಂದಿನ್ ವರ್ಷ.” ಮುಂದಿನ ವರ್ಷ ಎಂದರೆ ಮಾವ ಗೆದ್ದಂತೆ!

ಕುಮಾರಸ್ವಾಮಿ ಲೇಔಟಿನಲ್ಲಿ ನಾವು ಬಾಡಿಗೆಗಿದ್ದ ವಠಾರದಲ್ಲಿ ಹಗಲಲ್ಲೂ ಕತ್ತಲಿದ್ದ ಜಾಗ ಒಂದೇ: ಮೂರು ಸಂಸಾರಕ್ಕೆ ಸೇರಿದ ಬಚ್ಚಲುಮನೆ. ಭಾನುವಾರ ಬೆಳಿಗ್ಗೆ ಹಂಡೆಯ ಮೇಲೆ ಟಾರ್ಚ್ ಇಟ್ಟು, ಉದ್ದನೆಯ ಆಲೂಗಡ್ಡೆಯನ್ನು ಅಡ್ಡಡ್ಡವಾಗಿ ದಾರಕ್ಕೆ ಕಟ್ಟಿ ತಿರುಗಿಸತೊಡಗಿದೆ. ಓನರ್ ಆಂಟಿ ಬಾಗಿಲು ಬಡಿದರು.

“ಏನಮ್ಮಾ, ಚೊಂಬಿನ ಸದ್ದಿಲ್ಲ, ನೀರಿನ ಸದ್ದಿಲ್ಲ! ಬದುಕಿದೀಯಾ?”

“ಸಂಶೋಧನೆ ಮಾಡ್ತಿದೀನಿ ಆಂಟಿ.”

“ಅದನ್ನ ನಿಮ್ಮನೇಲ್ ಮಾಡ್ಕೋ. ಇಲ್ಲಿ ಸ್ನಾನ ಮಾತ್ರ!”

ವಿಜ್ಞಾನಕ್ಕೆ ಈ ಊರಿನಲ್ಲಿ ಇಷ್ಟೇ ಮರ್ಯಾದೆ. ಗಲಾಟೆ ಕೇಳಿ ಅಮ್ಮ ಬಂದಳು. ಪಲ್ಯಕ್ಕೆ ತಂದಿದ್ದ ಆಲೂಗಡ್ಡೆ ಬಚ್ಚಲಲ್ಲಿ ನೇತಾಡುವುದನ್ನು ಕಂಡು ಬಯ್ಯಲು ಬಾಯಿ ತೆರೆದವಳು, ಹಾಗೇ ನಿಂತು ನೋಡಿದಳು.

“ಒಂದ್ ಸುತ್ತಿಗೆ ಎರಡ್ ಸಲ ಬೆಳಗ್ತಲ್ಲೇ. ಈ ಮಗ್ಗಲು ಒಂದ್ಸಲ, ಆ ಮಗ್ಗಲು ಒಂದ್ಸಲ. ನೀನ್ಯಾಕೆ ರಾತ್ರಿಯೆಲ್ಲ ಒಂದೇ ಒಂದೇ ಅಂತ ಗೊಣಗ್ತಿದ್ದೆ?”

ನನಗೆ ಮೈಯೆಲ್ಲ ಉರಿಯಿತು. ಒಂದು ಗಂಟೆಯಿಂದ ತಿರುಗಿಸಿದವಳು ನಾನು. ನನ್ನ ಕಣ್ಣೆಲ್ಲ ನೋಟ್‌ಬುಕ್ಕಿನಲ್ಲಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮ ಆಲೂಗಡ್ಡೆಯನ್ನು ನೋಡಿದ್ದಳು. ಹಾಗಾದರೆ ನನ್ನ ಕಲ್ಲಿನ ಒಂದು ಸುತ್ತಿಗೆ ಮೂರೂವರೆಯಲ್ಲ, ಏಳು ಗಂಟೆ! ಸೋಮವಾರ ಗೈಡ್ ಸಾರ್ ಸಹಿ ಹಾಕಿದರು. “ಹೇಗೆ ಹೊಳೀತಮ್ಮ?” ಎಂದು ಕೇಳಿದಾಗ, “ಯೋಚನೆ ಮಾಡ್ದೆ ಸಾರ್” ಎಂದೆ.

ಪದವಿಪತ್ರ ಬಂದ ದಿನ ರೇವಣ್ಣಮಾವನೆದುರಿಗೇ ಅದನ್ನು ಅಮ್ಮನ ಕೈಗಿಟ್ಟೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ಅಕ್ಷರಗಳ ಮೇಲೆ ನಿಧಾನವಾಗಿ ಬೆರಳಾಡಿಸಿದಳು.

“ನಿನ್ ಹೆಸರಿದೆ. ನಿಮ್ಮಪ್ಪನ ಹೆಸರಿದೆ. ನನ್ದೆಲ್ಲಿ?”

“ಯೂನಿವರ್ಸಿಟಿಯೋರು ಹಾಗೇನಮ್ಮ, ಹೆಂಗಸರಿಗೆ ಬೆಲೆನೇ ಇಲ್ಲ” ಎಂದು ಸಿಡಿದೆ. ಪದವಿಪತ್ರದ ಅರ್ಜಿಯಲ್ಲಿ ‘ತಂದೆ ಅಥವಾ ತಾಯಿಯ ಹೆಸರು’ ಎಂದು ಸ್ಪಷ್ಟವಾಗಿ ಅಚ್ಚಾಗಿದ್ದುದು ಆಮೇಲೆ ನೆನಪಾಯಿತು.

ಅಮ್ಮ ಪತ್ರದಿಂದ ಕಣ್ಣೆತ್ತಲಿಲ್ಲ.

“ಫಾರಂ ತುಂಬಿದ್ ಯಾರೇ?”